ಓದುಗರ ಪ್ರಶ್ನೆ, ವೈದ್ಯರ ಉತ್ತರ: ಪಾರ್ಕಿನ್ಸನ್ ಕಾಯಿಲೆಯ ಪತ್ತೆಗೆ ಮೆದುಳಿನ ಸ್ಕ್ಯಾನನ್ನು ಎಷ್ಟು ನಂಬಬಹುದು?

ಕೈನಡುಕ ಮತ್ತು ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಕಾಸರಗೋಡು ಜಿಲ್ಲೆಯ ಊರುಗಳಿಂದಲೂ ತಾಳವಾಡಿಯ ಕಡೆಯಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಕ್ಯಾನಿನ ಕುರಿತಾಗಿಯೇ ಇರುವುದರಿಂದ, ಈ ಸಂಚಿಕೆಯ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಡಾಕ್ಟರರೇ, ನನ್ನ ತಂದೆಯವರಿಗೆ 67 ವರ್ಷ. ಅಡಿಕೆ ತೋಟ ನೋಡಿಕೊಳ್ಳುತ್ತಾ, ಊರಿನ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಾ ಇದ್ದವರು. ಒಂದು ವರ್ಷದಿಂದ ಸುಮ್ಮನೆ ಕುಳಿತಿರುವಾಗ ಬಲಗೈ ನಡುಗುತ್ತದೆ, ನಡೆಯುವಾಗ ಆ ಕೈ ಬೀಸುವುದಿಲ್ಲ, ಸ್ವರ ತಗ್ಗಿದೆ. ಸಹಕಾರಿ ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಎರಡೆರಡು ಸಲ ಹಾಕಿಸುತ್ತಾರೆ. ಮಂಗಳೂರಿನ ನರರೋಗ ತಜ್ಞರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಕೊಟ್ಟರು. ಆದರೆ ಎಂಆರ್‌ಐ ವರದಿಯಲ್ಲಿ ವಯೋಸಹಜ ಬದಲಾವಣೆ ಬಿಟ್ಟರೆ ಬೇರೇನೂ ಇಲ್ಲ ಎಂದಿದೆ. ಸ್ಕ್ಯಾನ್ ಸರಿಯಿರುವಾಗ ಮಾತ್ರೆ ಏಕೆ, ನಿಲ್ಲಿಸೋಣ ಎಂದು ಅಣ್ಣ ಹೇಳುತ್ತಿದ್ದಾರೆ. ಯಾವುದನ್ನು ನಂಬಬೇಕು? (ಬದಿಯಡ್ಕ)

ಉತ್ತರ: ಮೊದಲು ಒಂದು ಮಾತು. ಪಾರ್ಕಿನ್ಸನ್‌ಗೆ ಕೊಡುವ, ಲೆವೊಡೋಪ ಎಂಬ ಔಷಧ ಇರುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗ ಕೆಲವರಲ್ಲಿ ಮೈಯೆಲ್ಲ ಬಿಗಿದು, ವಿಪರೀತ ಜ್ವರ ಏರಿ, ಪ್ರಾಣಕ್ಕೇ ಅಪಾಯವಾಗುವುದುಂಟು. ಈ ಮಾತನ್ನು ದಯವಿಟ್ಟು ನಿಮ್ಮ ಅಣ್ಣನವರಿಗೂ ತಿಳಿಸಿ.

ಇನ್ನು ವರದಿಯ ವಿಚಾರ. ಪಾರ್ಕಿನ್ಸನ್ ಕಾಯಿಲೆ ಇರುವವರ ಸಾಮಾನ್ಯ ಎಂಆರ್‌ಐ ಸಹಜವಾಗಿ ಕಾಣಿಸುವುದೇ ವಾಡಿಕೆ. ಎಂಆರ್‌ಐ ತೋರಿಸುವುದು ಮೆದುಳಿನ ಆಕಾರವನ್ನು ಮತ್ತು ರಚನೆಯನ್ನು. ಈ ಕಾಯಿಲೆಯಲ್ಲಿ ಕೆಡುವುದು ಮಧ್ಯಮೆದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಿರಿದಾದ ಕಪ್ಪು ಭಾಗದಲ್ಲಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು. ಅವು ದೊಡ್ಡ ಸಂಖ್ಯೆಯಲ್ಲಿ ಸತ್ತರೂ ಮೆದುಳಿನ ಹೊರರೂಪ ಬದಲಾಗುವುದಿಲ್ಲ. ಹಾಗಾದರೆ ವೈದ್ಯರು ಎಂಆರ್‌ಐ ಬರೆದುಕೊಟ್ಟದ್ದೇಕೆ ಎಂದು ನೀವು ಕೇಳಬಹುದು. ಪಾರ್ಕಿನ್ಸನ್‌ನಂತೆಯೇ ತೋರುವ ಬೇರೆ ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಲು: ಮೆದುಳಿನ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಕಟ್ಟಿಕೊಂಡಿರಬಹುದು, ಮೆದುಳಿನ ಕುಳಿಗಳಲ್ಲಿ ನೀರು ತುಂಬಿರಬಹುದು, ಬಿದ್ದ ಪೆಟ್ಟಿನಿಂದ ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಪರೂಪಕ್ಕೆ ಗಡ್ಡೆ ಇರಬಹುದು. ನಿಮ್ಮ ತಂದೆಯವರಿಗೆ ಇವು ಯಾವುವೂ ಇಲ್ಲ ಎಂಬುದೇ ಆ ವರದಿಯ ಅರ್ಥ. ಅದು ತಜ್ಞರ ಮಾತಿಗೆ ವಿರುದ್ಧವಲ್ಲ, ಪೂರಕ.

ಪಾರ್ಕಿನ್ಸನ್ ಕಾಯಿಲೆಯನ್ನು ಇಂದಿಗೂ ಗುರುತಿಸುವುದು ರೋಗಿಯನ್ನು ಪರೀಕ್ಷಿಸಿಯೇ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಬಳಿ ಇದ್ದುದು ಕಣ್ಣು ಮತ್ತು ತಾಳ್ಮೆ ಮಾತ್ರ. 2015ರಲ್ಲಿ ಚಲನೆಯ ಕಾಯಿಲೆಗಳ ಅಂತರರಾಷ್ಟ್ರೀಯ ವೈದ್ಯ ಸಂಘ ಪ್ರಕಟಿಸಿದ ಮಾನದಂಡವೂ ಚಲನೆ ನಿಧಾನವಾಗುವುದನ್ನೇ ತಳಹದಿಯಾಗಿ ಇಟ್ಟುಕೊಂಡು, ಅದರ ಜೊತೆಗೆ ವಿಶ್ರಾಂತಿಯಲ್ಲಿರುವಾಗಿನ ನಡುಕ ಅಥವಾ ಸ್ನಾಯುಗಳ ಬಿಗಿತ, ಇಲ್ಲವೇ ಎರಡೂ ಇರಬೇಕೆನ್ನುತ್ತದೆ. ತಜ್ಞರು ನಿಮ್ಮ ತಂದೆಯವರಿಂದ ಹೆಬ್ಬೆರಳಿಗೆ ತೋರುಬೆರಳನ್ನು ಪಟಪಟನೆ ತಾಗಿಸುವಂತೆ ಹೇಳಿರುತ್ತಾರೆ. ಈ ಕಾಯಿಲೆ ಇರುವವರಲ್ಲಿ ಬೆರಳು ಮೊದಲ ನಾಲ್ಕೈದು ಸಲ ಚೆನ್ನಾಗಿ ತೆರೆದುಕೊಂಡು, ಅನಂತರ ಒಂದೊಂದು ಸಲಕ್ಕೂ ಎರಡು ಬೆರಳುಗಳ ನಡುವಿನ ಅಂತರ ಕಡಿಮೆಯಾಗುತ್ತಾ, ನಡುವೆ ತಡೆದು ನಿಂತು, ಕೊನೆಗೆ ಬೆರಳುಗಳು ಅಂಟಿಕೊಂಡಂತೆ ಕಾಣುತ್ತದೆ. ಸಹಿಯ ಅಕ್ಷರಗಳು ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಕಿರಿದಾಗುವುದಕ್ಕೂ ಸ್ವರ ತಗ್ಗುವುದಕ್ಕೂ ಇದೇ ಕಾರಣ. ಒಂದೇ ಬದಿಯಲ್ಲಿ ಆರಂಭವಾದದ್ದು, ವಿಶ್ರಾಂತಿಯಲ್ಲಿ ನಡುಕ, ಬೀಸದ ಕೈ, ಕಿರಿದಾದ ಸಹಿ, ಇಷ್ಟೂ ಸೇರಿದಾಗ ನಿಮ್ಮ ತಜ್ಞರ ನಿರ್ಣಯಕ್ಕೆ ಗಟ್ಟಿಯಾದ ಆಧಾರವಿದೆ ಎಂದೇ ನನ್ನ ಅಭಿಪ್ರಾಯ. ಮಾತ್ರೆಯಿಂದ ಅವರ ಚಲನೆ ಎಷ್ಟು ಸುಧಾರಿಸುತ್ತದೆ ಎಂಬುದು ಮುಂದಿನ ತಿಂಗಳುಗಳಲ್ಲಿ ಇನ್ನೊಂದು ಸಾಕ್ಷ್ಯವಾಗುತ್ತದೆ.

3 ಟೆಸ್ಲಾದಷ್ಟು ಹೆಚ್ಚಿನ ಕಾಂತಶಕ್ತಿಯ ಯಂತ್ರಗಳಲ್ಲಿ ವಿಶೇಷ ವಿಧಾನದಿಂದ ತೆಗೆದ ಎಂಆರ್‌ಐ ಚಿತ್ರಗಳಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾದ ಒಂದು ಅಂಶ ಆರೋಗ್ಯವಂತರಲ್ಲಿ ಕವಲೊಡೆದ ಹಕ್ಕಿಬಾಲದಂತೆ ಕಾಣುತ್ತದೆ, ಪಾರ್ಕಿನ್ಸನ್ ಇರುವವರಲ್ಲಿ ಅದು ಮಾಯವಾಗಿರುತ್ತದೆ. ಅನುಭವಿ ರೇಡಿಯಾಲಜಿಸ್ಟರ ಕೈಯಲ್ಲಿ ಇದರ ಫಲಿತಾಂಶ ಚೆನ್ನಾಗಿಯೇ ಇದೆ. ಆದರೆ ರೋಗಿ ತಲೆ ಸ್ವಲ್ಪ ಅಲುಗಿಸಿದರೂ ಚಿತ್ರ ಮಸುಕಾಗುತ್ತದೆ. ನಡುಗುವವರನ್ನು ಯಂತ್ರದೊಳಗೆ ಅಲುಗಾಡದಂತೆ ಮಲಗಿಸುವ ಕಷ್ಟ ಅವರನ್ನು ಕರೆದೊಯ್ದ ಮನೆಯವರಿಗೆ ಗೊತ್ತು. ಜೊತೆಗೆ, ಈ ಗುರುತು ಪಾರ್ಕಿನ್ಸನ್ ಅನ್ನು ಹೋಲುವ ಬೇರೆ ನರಕ್ಷಯದ ಕಾಯಿಲೆಗಳಲ್ಲಿಯೂ ಅಳಿಸಿಹೋಗುತ್ತದೆ. ಆದ್ದರಿಂದ ನಿಮ್ಮ ತಂದೆಯವರಿಗೆ ಅದನ್ನು ಹೊಸದಾಗಿ ಮಾಡಿಸಬೇಕಾದ ಅಗತ್ಯವಿಲ್ಲ.

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಚಹಾದ ಲೋಟ ಎತ್ತಿದರೆ ಎರಡೂ ಕೈ ನಡುಗುತ್ತದೆ, ಇತ್ತೀಚೆಗೆ ಎಡಗೈ ಸುಮ್ಮನಿರುವಾಗಲೂ ಸ್ವಲ್ಪ ಅದುರುತ್ತದೆ. ಒಬ್ಬ ವೈದ್ಯರು ಇದು ವಂಶದಲ್ಲಿ ಬರುವ ಸಾಮಾನ್ಯ ನಡುಕ ಎಂದರು, ಇನ್ನೊಬ್ಬರು ಪಾರ್ಕಿನ್ಸನ್ ಆರಂಭ ಇರಬಹುದೆಂದು ಟ್ರೋಡಾಟ್ ಸ್ಕ್ಯಾನ್ ಬರೆದುಕೊಟ್ಟರು. ಅದು ನೂರಕ್ಕೆ ತೊಂಬತ್ತೈದು ಸರಿ ಎಂದು ಸ್ಕ್ಯಾನಿಂಗ್ ಕೇಂದ್ರದವರು ಹೇಳುತ್ತಾರೆ. ಅದನ್ನು ಹಾಗೆಯೇ ತೆಗೆದುಕೊಳ್ಳಬಹುದೇ? (ಮಂಜೇಶ್ವರ)

ಉತ್ತರ: ನಿಮ್ಮ ತಾಯಿಯವರಂಥವರಿಗಾಗಿಯೇ ಈ ಪರೀಕ್ಷೆ ಇರುವುದು, ಆದ್ದರಿಂದ ಸಲಹೆ ಸರಿಯಾಗಿಯೇ ಇದೆ. ಆ ತೊಂಬತ್ತೈದರ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಡೋಪಮಿನ್ ನರಕೋಶಗಳ ತುದಿಗಳಲ್ಲಿ, ಒಮ್ಮೆ ಬಿಡುಗಡೆಯಾದ ಡೋಪಮಿನನ್ನು ಮತ್ತೆ ಒಳಗೆ ಸೆಳೆದುಕೊಳ್ಳುವ ಒಂದು ಪ್ರೋಟೀನ್ ಇರುತ್ತದೆ. ಟ್ರೋಡಾಟ್ ಸ್ಕ್ಯಾನಿನಲ್ಲಿ ಆ ಪ್ರೋಟೀನಿಗೆ ಅಂಟಿಕೊಳ್ಳುವ ಔಷಧಕ್ಕೆ ಅಲ್ಪ ಪ್ರಮಾಣದ ವಿಕಿರಣ ವಸ್ತುವನ್ನು ಸೇರಿಸಿ ರಕ್ತನಾಳಕ್ಕೆ ಚುಚ್ಚಿ, ಕೆಲವು ಗಂಟೆಗಳ ಬಳಿಕ ಆ ವಿಕಿರಣವನ್ನು ಗ್ರಹಿಸುವ ಸ್ಪೆಕ್ಟ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ಇದೇ ತತ್ತ್ವದ ಡಾಟ್‌ಸ್ಕ್ಯಾನ್ ಯುರೋಪಿನಲ್ಲಿ 2000ದಲ್ಲಿಯೂ ಅಮೆರಿಕದಲ್ಲಿ 2011ರಲ್ಲಿಯೂ ಅನುಮೋದನೆ ಪಡೆಯಿತು. ಅದಕ್ಕೆ ಬೇಕಾದ ಅಯೋಡಿನ್-123 ಎಂಬ ವಿಕಿರಣ ವಸ್ತು ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರದಲ್ಲಿ ತಯಾರಾಗಬೇಕು ಮತ್ತು ಸುಮಾರು 13 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಟ್ರೋಡಾಟ್‌ಗೆ ಬಳಸುವ ಟೆಕ್ನೀಶಿಯಂ-99ಎಂ ಇನ್ನೂ ಬೇಗ, ಸುಮಾರು 6 ಗಂಟೆಗಳಲ್ಲಿ, ಅರ್ಧವಾಗುತ್ತದೆ. ಆದರೆ ಅದನ್ನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿಯೇ ಜನರೇಟರ್ ಎಂಬ ಸಣ್ಣ ಉಪಕರಣದಿಂದ ಪಡೆಯಬಹುದಾದ್ದರಿಂದ ನಮ್ಮ ದೇಶದಲ್ಲಿ ಟ್ರೋಡಾಟ್ ಹೆಚ್ಚು ಬಳಕೆಯಲ್ಲಿದೆ. ಫ್ಲೋರೊಡೋಪ ಎಂಬ ಪೆಟ್ ಸ್ಕ್ಯಾನ್ ಕೂಡ ಉಂಟು. ಅದರ ಚಿತ್ರ ಹೆಚ್ಚು ಸ್ಪಷ್ಟ, ಆದರೆ ಅದಕ್ಕೂ ಸೈಕ್ಲೋಟ್ರಾನ್ ಬೇಕು.

ಆರೋಗ್ಯವಂತರ ಚಿತ್ರದಲ್ಲಿ ಮೆದುಳಿನ ಎರಡು ಬದಿಗಳಲ್ಲಿ ಅಲ್ಪವಿರಾಮ ಚಿಹ್ನೆಯಂಥ ಎರಡು ಹೊಳೆಯುವ ಆಕಾರಗಳು ಕಾಣುತ್ತವೆ. ಪಾರ್ಕಿನ್ಸನ್‌ನಲ್ಲಿ ಆ ಚಿಹ್ನೆಯ ಹಿಂಬದಿಯ ಬಾಲ ಮೊದಲು ಅಳಿದು ಪೂರ್ಣವಿರಾಮದಂಥ ಚುಕ್ಕೆ ಉಳಿಯುತ್ತದೆ. ಅದೂ ನಡುಕ ಹೆಚ್ಚಿರುವ ಕೈಯ ಎದುರು ಬದಿಯ ಮೆದುಳಿನಲ್ಲಿ ಹೆಚ್ಚು. ವಂಶದಲ್ಲಿ ಬರುವ ಸಾಮಾನ್ಯ ನಡುಕದಲ್ಲಿ ಡೋಪಮಿನ್ ಕೋಶಗಳಿಗೆ ಹಾನಿಯಾಗಿರುವುದಿಲ್ಲ, ಆದ್ದರಿಂದ ಚಿತ್ರ ಸಹಜವಾಗಿಯೇ ಬರುತ್ತದೆ. ಡಾಟ್‌ಸ್ಕ್ಯಾನ್ ಬಗ್ಗೆ 2000ದಲ್ಲಿ ಪ್ರಕಟವಾದ ಯುರೋಪಿನ ಬಹುಕೇಂದ್ರ ಅಧ್ಯಯನದಲ್ಲಿ ಈ ಎರಡನ್ನೂ ಬೇರ್ಪಡಿಸುವ ನಿಖರತೆ ನೂರಕ್ಕೆ 95ರ ಆಸುಪಾಸಿನಲ್ಲಿತ್ತು. ನಿಮಗೆ ಹೇಳಿದ ಸಂಖ್ಯೆಯ ಮೂಲ ಇಂಥ ಅಧ್ಯಯನಗಳು.

ಈಗ ಗಮನಿಸಬೇಕಾದ ಅಂಶ ಬರುತ್ತದೆ. ಆ ಅಧ್ಯಯನಗಳಲ್ಲಿ ಸೇರಿಸಿಕೊಂಡವರು ಬಹುಪಾಲು ಕಾಯಿಲೆ ಸ್ಪಷ್ಟವಾಗಿ ಗೊತ್ತಾಗಿದ್ದವರು. ಸ್ಕ್ಯಾನ್ ಸರಿಯೋ ತಪ್ಪೋ ಎಂದು ನಿರ್ಧರಿಸಿದ್ದು ತಜ್ಞರ ನಿರ್ಣಯದೊಂದಿಗೆ ಹೋಲಿಸಿ. ಹೀಗಿರುವಾಗ ಸ್ಕ್ಯಾನ್ ತಜ್ಞರಿಗಿಂತ ಮೇಲು ಎಂದು ಆ ಸಂಖ್ಯೆಯಿಂದ ಹೇಳಲು ಬರುವುದಿಲ್ಲ. ಅಲ್ಲಿ ತಜ್ಞರ ಮಾತೇ ಅಳತೆಗೋಲು. ಈ ಕಾಯಿಲೆಯಲ್ಲಿ ಕೊನೆಯ ಮಾತು ಮರಣಾನಂತರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ತಿಳಿಯುವುದು. ಲಂಡನ್ನಿನ ಮೆದುಳು ಸಂಗ್ರಹಾಲಯದಿಂದ 1992ರಲ್ಲಿ ಬಂದ ವರದಿಯಲ್ಲಿ, ಬದುಕಿದ್ದಾಗ ಪಾರ್ಕಿನ್ಸನ್ ಎಂದು ಗುರುತಿಸಲಾಗಿದ್ದ 100 ಮಂದಿಯಲ್ಲಿ 76 ಮಂದಿಗೆ ಮಾತ್ರ ಆ ಕಾಯಿಲೆ ಇತ್ತು. ಅಲ್ಲಿಯೇ 2001ರಲ್ಲಿ ಇನ್ನೊಂದು ನೂರು ಮಂದಿಯನ್ನು ನೋಡಿದಾಗ ಅದು 90ಕ್ಕೆ ಏರಿತ್ತು. 2014ರಲ್ಲಿ ಅರಿಜೋನಾದಿಂದ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಆರಂಭವಾಗಿ 5 ವರ್ಷವಾಗಿರದ, ಔಷಧಕ್ಕೆ ಸ್ಪಂದಿಸುತ್ತಿದ್ದ 15 ಮಂದಿಯಲ್ಲಿ 8 ಮಂದಿಯ ನಿರ್ಣಯ ಮಾತ್ರ ಸರಿಯಾಗಿತ್ತು. ಸಣ್ಣ ಸಂಖ್ಯೆ ನಿಜ, ಆದರೂ ಆರಂಭದ ವರ್ಷಗಳಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ತೋರಿಸುತ್ತದೆ. ಸ್ಪೇನ್ ಮೂಲದ ನರರೋಗ ತಜ್ಞರೊಬ್ಬರು 2012ರಲ್ಲಿ ಹಳೆಯ ಅಧ್ಯಯನಗಳ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿ, ಆರಂಭದ ಹಂತದಲ್ಲಿ ತಜ್ಞರ ನಿರ್ಣಯದ ನಿಖರತೆ ನೂರಕ್ಕೆ 84, ಕಾಯಿಲೆ ಬಲಿತ ಮೇಲೆ 98 ಎಂದೂ, ಸ್ಕ್ಯಾನಿನ ನಿಖರತೆಯೂ ಅಷ್ಟೇ ಎಂದೂ ತೋರಿಸಿದರು. ನನಗೆ ಆ ವಾದ ಒಪ್ಪಿಗೆಯಾಗಿದೆ. ಎಲ್ಲಿ ನಮಗೆ ನೆರವು ಹೆಚ್ಚು ಬೇಕೋ ಅಲ್ಲಿಯೇ ಸ್ಕ್ಯಾನಿನ ಬಲ ತುಸು ಕಡಿಮೆ.

ಮತ್ತೊಂದು ಮಿತಿ ಇದಕ್ಕಿಂತ ಮುಖ್ಯ. ಸ್ಕ್ಯಾನ್ ಉತ್ತರಿಸುವುದು ಡೋಪಮಿನ್ ನರತುದಿಗಳು ಕಡಿಮೆಯಾಗಿವೆಯೇ ಎಂಬ ಪ್ರಶ್ನೆಗೆ ಮಾತ್ರ. ಕಡಿಮೆಯಾಗಿರುವುದಕ್ಕೆ ಪಾರ್ಕಿನ್ಸನ್ ಕಾಯಿಲೆಯೇ ಕಾರಣವೋ, ಅದನ್ನು ಹೋಲುವ ಬೇರೆ ನರಕ್ಷಯವೋ ಎಂದು ಅದು ಹೇಳದು. ಮೇಲೆ ಹೇಳಿದ 2015ರ ಮಾನದಂಡದ ನಿಲುವು ಇಲ್ಲಿ ಗಮನಾರ್ಹ: ಈ ಸ್ಕ್ಯಾನ್ ಸಹಜವೆಂದು ಬಂದರೆ ಪಾರ್ಕಿನ್ಸನ್ ಅಲ್ಲವೆನ್ನಬೇಕು ಎನ್ನುವ ಅದು, ಅಸಹಜವೆಂದು ಬಂದದ್ದನ್ನು ಪರವಾದ ಸಾಕ್ಷ್ಯಗಳ ಪಟ್ಟಿಗೆ ಸೇರಿಸಿಲ್ಲ. ಹೊಸ ಔಷಧಗಳ ಪ್ರಯೋಗಗಳಿಗೆ ಪಾರ್ಕಿನ್ಸನ್ ರೋಗಿಗಳೆಂದು ಸೇರಿಸಿಕೊಂಡವರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಯ ಸ್ಕ್ಯಾನ್ ಸಹಜವಾಗಿದ್ದು, ವರ್ಷಗಳ ಕಾಲ ಗಮನಿಸಿದಾಗ ಅವರಲ್ಲಿ ಹೆಚ್ಚಿನವರಿಗೆ ಬೇರೆ ಬಗೆಯ ನಡುಕ ಅಥವಾ ಸ್ನಾಯುಸೆಳೆತದ ತೊಂದರೆ ಇದ್ದುದು ತಿಳಿದುಬಂತು.

ಹೀಗಾಗಿ ನಿಮ್ಮ ತಾಯಿಯವರ ಸ್ಕ್ಯಾನ್ ಸಹಜವಾಗಿ ಬಂದರೆ ನೀವು ಬಹುಮಟ್ಟಿಗೆ ನಿಶ್ಚಿಂತರಾಗಬಹುದು. ಅಸಹಜವಾಗಿ ಬಂದರೆ ಅದನ್ನು ಪಾರ್ಕಿನ್ಸನ್ ಗುಂಪಿನ ಕಾಯಿಲೆ ಎಂದು ಭಾವಿಸಿ ಚಿಕಿತ್ಸೆ ಆರಂಭಿಸಿ, ಆರು ತಿಂಗಳಿಗೊಮ್ಮೆ ಅದೇ ತಜ್ಞರಿಗೆ ತೋರಿಸುತ್ತಿರಬೇಕು. ಸ್ಕ್ಯಾನಿಗೆ ಹೋಗುವಾಗ ಅವರು ಸೇವಿಸುವ ಎಲ್ಲ ಔಷಧಗಳ ಚೀಟಿ ಒಯ್ಯಿರಿ. ಖಿನ್ನತೆಗೂ ಧೂಮಪಾನ ಬಿಡಿಸಲೂ ಕೊಡುವ ಬ್ಯುಪ್ರೊಪಿಯಾನ್, ಮಕ್ಕಳ ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಮುಂತಾದವು ಚಿತ್ರವನ್ನು ಕೆಡಿಸಬಲ್ಲವು.

ಪ್ರಶ್ನೆ: ನನಗೆ 58 ವರ್ಷ. ಗ್ಯಾಸ್ಟ್ರಿಕ್ ತೊಂದರೆಗೆ ಮೆಡಿಕಲ್ ಅಂಗಡಿಯಿಂದ ಒಂದು ಕ್ಯಾಪ್ಸೂಲನ್ನು ತುಂಬ ಸಮಯದಿಂದ ತಂದು ನುಂಗುತ್ತಿದ್ದೇನೆ. ಈಗ ಎರಡೂ ಕೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ಕ್ಯಾಪ್ಸೂಲಿನ ಪಟ್ಟಿಯಲ್ಲಿ ರಾಬೆಪ್ರಜೋಲ್, ಲೆವೊಸಲ್ಪಿರೈಡ್ ಎಂದು ಬರೆದಿದೆ. ನನಗೂ ಸ್ಕ್ಯಾನ್ ಬೇಕೇ? (ಪೆರ್ಲ)

ಉತ್ತರ: ಆ ಪಟ್ಟಿಯ ಮೇಲಿನ ಹೆಸರನ್ನು ಓದಿ ಬರೆದದ್ದು ಬಹಳ ಒಳ್ಳೆಯದಾಯಿತು. ಲೆವೊಸಲ್ಪಿರೈಡ್ ಮೆದುಳಿನಲ್ಲಿ ಡೋಪಮಿನ್ ಕೆಲಸ ಮಾಡುವುದನ್ನು ತಡೆಯುತ್ತದೆ, ಅದರಿಂದ ಪಾರ್ಕಿನ್ಸನ್‌ನಂಥದ್ದೇ ಲಕ್ಷಣಗಳು ಬರಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಮೈಗ್ರೇನ್ ತಡೆಯಲು ಕೊಡುವ ಫ್ಲುನಾರಿಜಿನ್, ಮಾನಸಿಕ ಕಾಯಿಲೆಗಳಿಗೆ ಕೊಡುವ ಹಲವು ಔಷಧಗಳೂ ಈ ಸಾಲಿಗೆ ಸೇರುತ್ತವೆ. ಒಬ್ಬರಿಗೆ ಬರೆದುಕೊಟ್ಟ ಚೀಟಿಯನ್ನು ಹಿಡಿದು ವರ್ಷಗಟ್ಟಲೆ ಅದೇ ಕ್ಯಾಪ್ಸೂಲನ್ನು ತರುವ ರೂಢಿ ನಮ್ಮಲ್ಲಿ ಬಹಳ ಇದೆ. ಪಾರ್ಕಿನ್ಸನ್ ಎಂದು ಹೆದರಿ ಬಂದವರಲ್ಲಿ ಇಂಥವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಡಮಾಡದೆ ವೈದ್ಯರನ್ನು ಕಂಡು ಆ ಔಷಧವನ್ನು ಬದಲಾಯಿಸಿಕೊಳ್ಳಿ. ಲಕ್ಷಣಗಳು ಇಳಿಯಲು ಕೆಲವು ವಾರಗಳಿಂದ ಹಲವು ತಿಂಗಳು ಹಿಡಿಯಬಹುದು. ಪೂರ್ತಿ ಇಳಿದರೆ ಸ್ಕ್ಯಾನಿನ ಮಾತೇ ಇಲ್ಲ. ಆರು ತಿಂಗಳಾದರೂ ಉಳಿದರೆ ಆಗ ಟ್ರೋಡಾಟ್ ಮಾಡಿಸುವುದು ಅರ್ಥಪೂರ್ಣ, ಏಕೆಂದರೆ ಕೇವಲ ಔಷಧದಿಂದ ಬಂದದ್ದಾದರೆ ನರತುದಿಗಳು ಹಾಗೆಯೇ ಇದ್ದು ಚಿತ್ರ ಸಹಜವಾಗಿರುತ್ತದೆ, ಒಳಗೇ ಇದ್ದ ಪಾರ್ಕಿನ್ಸನ್ ಔಷಧದಿಂದ ಬೇಗ ಹೊರಬಿದ್ದದ್ದಾದರೆ ಚಿತ್ರ ಅಸಹಜವಾಗಿರುತ್ತದೆ. ಮಾನಸಿಕ ಕಾಯಿಲೆಯ ಔಷಧ ಸೇವಿಸುತ್ತಿರುವ ಓದುಗರು ಮಾತ್ರ ಇದನ್ನು ಓದಿ ತಾವೇ ನಿಲ್ಲಿಸಬಾರದು, ತಮ್ಮ ಮನೋವೈದ್ಯರನ್ನೇ ಕೇಳಬೇಕು.

ಪ್ರಶ್ನೆ: ನಮ್ಮ ಚಿಕ್ಕಪ್ಪನವರಿಗೆ ಪಾರ್ಕಿನ್ಸನ್ ಎಂದು ಮಾತ್ರೆ ಕೊಡುತ್ತಿದ್ದಾರೆ. ವರ್ಷದೊಳಗೆ ಹಲವು ಸಲ ಹಿಂದಕ್ಕೆ ಬಿದ್ದಿದ್ದಾರೆ, ಕೆಳಗೆ ನೋಡಲು ಕಷ್ಟಪಡುತ್ತಾರೆ, ಮಾತ್ರೆಯಿಂದ ಗುಣ ಕಾಣುತ್ತಿಲ್ಲ. ಇದಕ್ಕೆ ಯಾವ ಸ್ಕ್ಯಾನ್ ಸರಿ? (ತಾಳವಾಡಿ)

ಉತ್ತರ: ಆರಂಭದ ವರ್ಷದಲ್ಲಿಯೇ ಬೀಳುವುದು, ಕಣ್ಣನ್ನು ಕೆಳಗೆ ಹೊರಳಿಸಲಾಗದಿರುವುದು, ಔಷಧಕ್ಕೆ ಸ್ಪಂದಿಸದಿರುವುದು, ಈ ಮೂರೂ ಸೇರಿದರೆ ಸೂಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಬೇರೊಂದು ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ಇಲ್ಲಿ ಟ್ರೋಡಾಟ್‌ನಿಂದ ಪ್ರಯೋಜನವಿಲ್ಲ, ಅದು ಎರಡರಲ್ಲಿಯೂ ಅಸಹಜವಾಗಿರುತ್ತದೆ. ಎಂಆರ್‌ಐ ಇಲ್ಲಿ ನೆರವಿಗೆ ಬರುತ್ತದೆ. ಮಧ್ಯಮೆದುಳು ಸೊರಗಿ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಯ ತಲೆ ಮತ್ತು ಕೊಕ್ಕಿನಂತೆ ಕಾಣುವುದನ್ನು ರೇಡಿಯಾಲಜಿಸ್ಟರು ಗುರುತಿಸಬಲ್ಲರು. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಎಂಬ ಇನ್ನೊಂದು ಕಾಯಿಲೆಯಲ್ಲಿ ಮೆದುಳುಕಾಂಡದ ಪಾನ್ಸ್ ಭಾಗದಲ್ಲಿ ಶಿಲುಬೆಯಾಕಾರದ ಬಿಳಿಗೆರೆ ಕಾಣಬಹುದು. ಆದರೆ ಈ ಗುರುತುಗಳು ಆರಂಭದಲ್ಲಿ ಇಲ್ಲದಿರಬಹುದು, ಇಲ್ಲವೆಂದು ಕಾಯಿಲೆ ಇಲ್ಲವೆನ್ನುವಂತಿಲ್ಲ. ಆಗ ಮೆದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂದು ತೋರಿಸುವ ಎಫ್‌ಡಿಜಿ ಪೆಟ್ ಸ್ಕ್ಯಾನ್, ಈ ಕಾಯಿಲೆಗಳನ್ನು ಒಂದರಿಂದೊಂದು ಬೇರ್ಪಡಿಸಲು ಹೆಚ್ಚು ಉಪಯುಕ್ತ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು, ರಕ್ತದ ಸಕ್ಕರೆ ಏರಿದ್ದರೆ ಚಿತ್ರ ಕೆಡುತ್ತದೆ. ಯಾವ ಸ್ಕ್ಯಾನ್ ಆದರೂ, ಹೋಗುವ ಮೊದಲು ಮನೆಯ ಹೊಸ್ತಿಲು, ಬಚ್ಚಲು ಮತ್ತು ಮೆಟ್ಟಿಲುಗಳ ಬಳಿ ಹಿಡಿಕೆ ಹಾಕಿಸಿ. ಅವರ ಬೀಳುವಿಕೆಯನ್ನು ತಡೆಯುವುದು ತುರ್ತು.

ಪ್ರಶ್ನೆ: ನಮ್ಮದು ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಗುಡ್ಡದ ಕೆಳಗಿನ ಮನೆ. ನನ್ನ ಕೈನಡುಕಕ್ಕೆ ಅದೇ ಕಾರಣವೆಂದು ಸ್ಕ್ಯಾನ್ ಮಾಡಿಸಿ ದಾಖಲೆ ಪಡೆಯಬಹುದೇ? (ಎಣ್ಮಕಜೆ)

ಉತ್ತರ: ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಆ ವಿಷವನ್ನು ಸುರಿದ ಊರುಗಳ ಜನ ಈ ಪ್ರಶ್ನೆ ಕೇಳುವುದು ಸಹಜ ಮತ್ತು ನ್ಯಾಯ. ಆದರೆ ಯಾವ ಸ್ಕ್ಯಾನೂ ಕಾರಣವನ್ನು ತೋರಿಸಲಾರದು. ನರತುದಿಗಳು ನಾಶವಾಗಿವೆ ಎನ್ನಬಹುದೇ ಹೊರತು ಯಾವುದರಿಂದ ನಾಶವಾದವು ಎನ್ನಲಾಗದು. ಕೆಲವು ಕೀಟನಾಶಕ, ಕಳೆನಾಶಕಗಳ ಸಂಪರ್ಕಕ್ಕೂ ಪಾರ್ಕಿನ್ಸನ್‌ಗೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ, ಪಾರಾಕ್ವಾಟ್ ಮತ್ತು ರೊಟೆನೋನ್ ಅದರಲ್ಲಿ ಮುಖ್ಯವಾದವು. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಅದನ್ನು ಸ್ಥಾಪಿಸುವ ಸಾಮರ್ಥ್ಯ ಚಿತ್ರಕ್ಕಿಲ್ಲ. ಆ ಉದ್ದೇಶಕ್ಕಾಗಿ ಹಣ ಖರ್ಚು ಮಾಡಬೇಡಿ. ನಡುಕದ ಪರೀಕ್ಷೆಯನ್ನು ನರರೋಗ ತಜ್ಞರಲ್ಲಿ ಮಾಡಿಸಿ, ನೀವು ಎಷ್ಟು ವರ್ಷ ಅಲ್ಲಿ ವಾಸವಿದ್ದಿರಿ, ಯಾವ ನೀರು ಕುಡಿದಿರಿ ಎಂಬುದನ್ನು ಅವರ ಚೀಟಿಯಲ್ಲಿ ದಾಖಲಿಸಿಕೊಳ್ಳುವಂತೆ ಕೇಳಿ.

ಪ್ರಶ್ನೆ: ನಾನು ಶಾಲಾ ಅಧ್ಯಾಪಕಿ, 39 ವರ್ಷ. ತಂದೆಗೆ 70ರಲ್ಲಿ ಪಾರ್ಕಿನ್ಸನ್ ಬಂತು. ನನಗೆ ಯಾವ ತೊಂದರೆಯೂ ಇಲ್ಲ. ಮುಂಜಾಗ್ರತೆಗೆ ಒಂದು ಸ್ಕ್ಯಾನ್ ಮಾಡಿಸಲೇ? (ಮುಳ್ಳೇರಿಯ)

ಉತ್ತರ: ಬೇಡ. ಸಣ್ಣ ಲೆಕ್ಕವೊಂದನ್ನು ನೋಡಿ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ನೂರಕ್ಕೆ 95ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆ ಇದೆಯೆನ್ನಿ. ತಜ್ಞರು ಶಂಕಿಸಿ ಕಳುಹಿಸಿದ 100 ಮಂದಿಯಲ್ಲಿ 50 ಮಂದಿಗೆ ಕಾಯಿಲೆ ಇದ್ದರೆ, ಅಸಹಜ ವರದಿ ಪಡೆದ ಐವತ್ತು ಮಂದಿಯಲ್ಲಿ ಎರಡು ಮೂರು ಮಂದಿಯದು ಮಾತ್ರ ತಪ್ಪು. ಅದೇ ಪರೀಕ್ಷೆಯನ್ನು ನೂರಕ್ಕೆ ಒಬ್ಬರಿಗಷ್ಟೇ ಕಾಯಿಲೆ ಇರುವ 1000 ಮಂದಿಗೆ ಮಾಡಿದರೆ, ಕಾಯಿಲೆ ಇರುವ 10 ಮಂದಿಯಲ್ಲಿ ಒಂಬತ್ತೋ ಹತ್ತೋ ಮಂದಿ ಸಿಗುತ್ತಾರೆ, ಕಾಯಿಲೆ ಇಲ್ಲದ 990ರಲ್ಲಿ ಸುಮಾರು 50 ಮಂದಿಗೂ ಅಸಹಜ ವರದಿ ಬರುತ್ತದೆ. ಹೆದರಿ ಮನೆಗೆ ಹೋಗುವ ಸುಮಾರು 60 ಮಂದಿಯಲ್ಲಿ ಐವತ್ತು ಮಂದಿಗೆ ಏನೂ ಇರುವುದಿಲ್ಲ. ನಿಮ್ಮ ವಯಸ್ಸಿನವರಲ್ಲಿ ಕಾಯಿಲೆಯ ಪ್ರಮಾಣ ಇದಕ್ಕಿಂತಲೂ ಬಹಳ ಕಡಿಮೆ. ಮೇಲಾಗಿ, ಬರುವ ಮೊದಲೇ ಗೊತ್ತಾದರೂ ಕಾಯಿಲೆಯನ್ನು ತಡೆಯುತ್ತದೆಂದು ಸಾಬೀತಾದ ಔಷಧ ಇಂದು ಇಲ್ಲ.

ತಂದೆಯೊಬ್ಬರಿಗೇ, ಅದೂ ಇಳಿವಯಸ್ಸಿನಲ್ಲಿ ಬಂದಿದ್ದರೆ ನಿಮಗಿರುವ ಹೆಚ್ಚಿನ ಅಪಾಯ ಅಲ್ಪ. ಮನೆಯಲ್ಲಿ ಹಲವರಿಗೆ, ಅಥವಾ ನಲವತ್ತರೊಳಗೆ ಯಾರಿಗಾದರೂ ಬಂದಿದ್ದರೆ ಮಾತ್ರ ವಂಶವಾಹಿ ಪರೀಕ್ಷೆಯ ಬಗ್ಗೆ ತಜ್ಞರೊಂದಿಗೆ ಮಾತನಾಡಬಹುದು. ವಾರದಲ್ಲಿ ಹೆಚ್ಚಿನ ದಿನ ಬಿರುಸಾಗಿ ನಡೆಯಿರಿ. ಮುಂದೆಂದಾದರೂ ವಾಸನೆ ಗೊತ್ತಾಗದಂತಾದರೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸಿ ಕೂಗಾಡುತ್ತೀರೆಂದು ಮನೆಯವರು ಹೇಳಿದರೆ, ಅಥವಾ ಕರಿಹಲಗೆಯ ಮೇಲೆ ಬರೆಯುವ ಅಕ್ಷರಗಳು ಸಾಲಿನ ಕೊನೆಗೆ ಕಿರಿದಾಗತೊಡಗಿದರೆ, ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗುವ ಮೊದಲು ನರರೋಗ ತಜ್ಞರನ್ನು ಕಾಣಿರಿ.